ಗರುಡಾಕ್ಷಿ

ಅರಣ್ಯ ಮತ್ತು ವನ್ಯಜೀವಿ ಮೊಕದ್ದಮೆಗಳನ್ನು ಆನ್‌ಲೈನ್‌ನಲ್ಲಿ ದಾಖಲಿಸಲು, ಮುಂದೆ ಅವು ಯಾವ ಹಂತದಲ್ಲಿವೆ ಎಂದು ನೋಡಲು ಕರ್ನಾಟಕ ಅರಣ್ಯ ಇಲಾಖೆ ಜಾರಿಗೆ ತಂದ ವ್ಯವಸ್ಥೆ. 2025ರ ಜನವರಿಯಲ್ಲಿ ಅರಣ್ಯ ಸಚಿವ ಈಶ್ವರ ಖಂಡ್ರೆ ಇದಕ್ಕೆ ಚಾಲನೆ ಕೊಟ್ಟರು. ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಸಂಸ್ಥೆಯ ಸಹಯೋಗದಲ್ಲಿ ಇದು ರೂಪುಗೊಂಡಿತು. ಇದೇ ಸಂಸ್ಥೆ ಕೇರಳದ ಅರಣ್ಯ ಇಲಾಖೆಗೆ ‘ಹಾಕ್’ ಎಂಬ ತಂತ್ರಾಂಶವನ್ನು ಮೊದಲೇ ಸಿದ್ಧಪಡಿಸಿತ್ತು. ಪ್ರಾಯೋಗಿಕ ಹಂತಕ್ಕೆ ಆಯ್ದ ಕೆಲವೇ ಘಟಕಗಳಲ್ಲಿ ಬೆಂಗಳೂರು ನಗರ, ಭದ್ರಾವತಿ ಮತ್ತು ಶಿರಸಿಯ ಜೊತೆಗೆ ಕೊಳ್ಳೇಗಾಲದಲ್ಲಿ ಕಚೇರಿ ಇರುವ ಮಲೆ ಮಹದೇಶ್ವರ ವನ್ಯಜೀವಿ ವಿಭಾಗವೂ ಸೇರಿತ್ತು.

ಈ ಆಯ್ಕೆಯ ಮಹತ್ವ ತಿಳಿಯಬೇಕಾದರೆ ಆ ಸೀಮೆಯ ಕಾಡನ್ನು ನೋಡಬೇಕು. ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಅರಣ್ಯ ಕಣ್ಣಿಗೆ ಒಂದೇ ಕಾಡಾದರೂ ಕಾಗದದ ಮೇಲೆ ಒಂದಲ್ಲ. 906 ಚದರ ಕಿಲೋಮೀಟರಿನ ಮಲೆ ಮಹದೇಶ್ವರ ವನ್ಯಜೀವಿಧಾಮ 2013ರಲ್ಲಿ ಘೋಷಣೆಯಾಯಿತು. ಪೂರ್ವಕ್ಕೂ ಉತ್ತರಕ್ಕೂ 1987ರ ಕಾವೇರಿ ವನ್ಯಜೀವಿಧಾಮ ಹಬ್ಬಿದೆ. ಯಳಂದೂರಿನ ಕಡೆಗೆ ಬಿಳಿಗಿರಿರಂಗನ ಬೆಟ್ಟ. ಅದು 1974ರಲ್ಲಿ ವನ್ಯಜೀವಿಧಾಮವಾಗಿ, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಆಚೆ ತಮಿಳುನಾಡಿನ ಸತ್ಯಮಂಗಲ. ಆನೆ ಒಂದೇ ರಾತ್ರಿಯಲ್ಲಿ ಈ ಗಡಿಗಳನ್ನು ದಾಟಿಬಿಡುತ್ತದೆ. ಉರುಳು ಹಾಕುವವನೂ ದಾಟುತ್ತಾನೆ. ಮೊಕದ್ದಮೆಯ ಪುಸ್ತಕ ಮಾತ್ರ ತನ್ನ ವಲಯ ಕಚೇರಿಯ ಬೀರುವಿನಲ್ಲೇ ಕೂತಿರುತ್ತಿತ್ತು.

ಕಾಗದದ ಮೇಲಿನ ಈ ಹರಕು ಇಂದು ನಿನ್ನೆಯದಲ್ಲ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅಲ್ಲಿ 1882ರ ಮದರಾಸು ಅರಣ್ಯ ಕಾಯ್ದೆ ನಡೆಯುತ್ತಿತ್ತು. ಪಕ್ಕದ ಯಳಂದೂರು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದ ಊರು, ಮೈಸೂರು ಸೀಮೆಯದು. ಮೈಸೂರಿಗೆ 1900ರ ತನ್ನದೇ ಅರಣ್ಯ ರೆಗ್ಯುಲೇಷನ್ ಇತ್ತು. ಬೆಟ್ಟದ ಒಂದು ಮಗ್ಗುಲಲ್ಲಿ ಮರ ಕಡಿದವನಿಗೂ ಇನ್ನೊಂದು ಮಗ್ಗುಲಲ್ಲಿ ಕಡಿದವನಿಗೂ ಕಾಯ್ದೆ ಬೇರೆ, ಕಚೇರಿ ಬೇರೆ. 1963ರ ಕರ್ನಾಟಕ ಅರಣ್ಯ ಕಾಯ್ದೆ ಇವನ್ನು ಒಂದೇ ಕಾನೂನಿನ ಕೆಳಗೆ ತಂದಿತು. ಆದರೆ ದಾಖಲೆ ಒಂದಾಗಲಿಲ್ಲ.

ಅರಣ್ಯ ಮೊಕದ್ದಮೆ ಹುಟ್ಟುವುದು ಗಸ್ತಿನಲ್ಲಿ. ಉರುಳಿಗೆ ಸಿಕ್ಕ ಕಡವೆಯೋ, ಗಂಧದ ತುಂಡೋ, ನಾಡಬಂದೂಕೋ ಕಂಡಲ್ಲಿ ಪಂಚರ ಎದುರು ಮಹಜರು ಬರೆದು, ಮಾಲು ಜಪ್ತಿ ಮಾಡಿ, ವಲಯ ಕಚೇರಿಯಲ್ಲಿ ಆ ಸಾಲಿನ ಸಂಖ್ಯೆ ಕೊಡುತ್ತಾರೆ. ಇಲಾಖೆಯವರ ಬಾಯಲ್ಲಿ ಇದು ‘ಎಫ್‌ಒಸಿ ನಂಬರು’. ಅಲ್ಲಿಂದ ಮುಂದೆ ದಾರಿ ಕವಲೊಡೆಯುತ್ತದೆ. ವಾಹನದ ಮುಟ್ಟುಗೋಲು ಅರಣ್ಯ ಕಾಯ್ದೆಯ 71ಎ ಕಲಂನಡಿ ಪ್ರಾಧಿಕೃತ ಅಧಿಕಾರಿಯ ಮುಂದೆ ನಡೆದರೆ, ಆರೋಪಿಯ ವಿಚಾರಣೆ ಮ್ಯಾಜಿಸ್ಟ್ರೇಟರ ಮುಂದೆ. ಬಂದೂಕು ಸಿಕ್ಕರೆ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕರಣ ಪೊಲೀಸರದು, ಅದಕ್ಕೆ ಮತ್ತೊಂದು ಸಂಖ್ಯೆ. ನ್ಯಾಯಾಲಯಕ್ಕೆ ಹೋದ ಪ್ರಕರಣಕ್ಕೆ ಇ-ಕೋರ್ಟ್ಸ್ ವ್ಯವಸ್ಥೆ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಕೊಡುತ್ತದೆ. ಘಟನೆ ಒಂದು, ಹೆಸರು ನಾಲ್ಕು. ನಾಲ್ಕನ್ನೂ ಒಂದು ಕಡತಕ್ಕೆ ಗಂಟು ಹಾಕದಿದ್ದರೆ, ವಲಯಾಧಿಕಾರಿ ವರ್ಗವಾಗಿ ಹೋದ ಮೇಲೆ ಬಂದವರಿಗೆ ಹಳೆಯ ಪ್ರಕರಣ ಎಲ್ಲಿ ನಿಂತಿದೆ ಎಂಬುದೇ ತಿಳಿಯುವುದಿಲ್ಲ.

ಹಾಗಾಗಿ ಇಂಥ ದತ್ತಾಂಶದಲ್ಲಿ ಮೊದಲ ನಮೂದಿಗಿಂತ ಆಮೇಲಿನ ನಮೂದುಗಳೇ ಕಷ್ಟ, ಅವೇ ಮುಖ್ಯ ಕೂಡ. ಪ್ರಕರಣ ದಾಖಲಾದ ದಿನ ಎಲ್ಲರಿಗೂ ಉತ್ಸಾಹವಿರುತ್ತದೆ, ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ಪ್ರಯೋಗಾಲಯದ ವರದಿ ಬಂದ ದಿನ, ಸಾಕ್ಷಿ ಗೈರುಹಾಜರಾದ ದಿನ, ವಾರಂಟು ಹೊರಟ ದಿನ ಯಾರ ಗಮನಕ್ಕೂ ಬಾರದೆ ಕಳೆಯುತ್ತವೆ. ಕಾನೂನಿಗೆ ಮಾತ್ರ ಈ ದಿನಗಳ ಲೆಕ್ಕ ಬೇಕು. ಗರಿಷ್ಠ ಮೂರು ವರ್ಷ ಸಜೆಯ ಅಪರಾಧಕ್ಕೆ ಮೂರು ವರ್ಷದೊಳಗೆ, ಒಂದು ವರ್ಷದ್ದಕ್ಕೆ ಒಂದು ವರ್ಷದೊಳಗೆ, ಬರಿಯ ದಂಡದ್ದಕ್ಕೆ ಆರು ತಿಂಗಳೊಳಗೆ ನ್ಯಾಯಾಲಯಕ್ಕೆ ದೂರು ಸಲ್ಲಿಸಬೇಕೆಂಬ ಕಾಲಮಿತಿ ಇದೆ. ವನ್ಯಜೀವಿ ಕಾಯ್ದೆಯ 55ನೇ ಕಲಂ ಪ್ರಕಾರ ಅಧಿಕಾರವುಳ್ಳವರು ದೂರು ಸಲ್ಲಿಸಿದರೆ ಮಾತ್ರ ನ್ಯಾಯಾಲಯ ಮುಂದುವರಿಯುತ್ತದೆ; ಪೊಲೀಸರ ದೋಷಾರೋಪಣ ಪಟ್ಟಿಯೊಂದೇ ಸಾಲದು. ಮರೆತ ಒಂದು ತಾರೀಖಿನಿಂದ ಇಡೀ ಗಸ್ತಿನ ಶ್ರಮ ನೀರಿನಲ್ಲಿ ಹೋಮವಾಗಬಹುದು.

ಕಾನೂನು ಬದಲಾದಾಗ ದತ್ತಾಂಶವನ್ನೂ ತಿದ್ದಬೇಕಾಗುತ್ತದೆ, ಆದರೆ ಹಳೆಯದನ್ನು ಅಳಿಸುವಂತಿಲ್ಲ. 2022ರ ತಿದ್ದುಪಡಿಯಿಂದ ವನ್ಯಜೀವಿ (ಸಂರಕ್ಷಣಾ) ಕಾಯ್ದೆಯ ಆರು ಅನುಸೂಚಿಗಳು ನಾಲ್ಕಾದವು. ಮೊದಲ ಅನುಸೂಚಿಯ ಪ್ರಾಣಿಗಳ ಬೇಟೆಗೆ ಕನಿಷ್ಠ ದಂಡ 10,000 ರೂಪಾಯಿಯಿಂದ 25,000ಕ್ಕೆ ಏರಿತು. ಇದು ಜಾರಿಯಾದದ್ದು 2023ರ ಏಪ್ರಿಲ್ 1ರಂದು. ಅದರ ಹಿಂದಿನ ದಿನ ನಡೆದ ಬೇಟೆಗೆ ಹಳೆಯ ಅನುಸೂಚಿ, ಹಳೆಯ ದಂಡ. ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಾಗಲೂ ಅಷ್ಟೆ: ಅಷ್ಟರಲ್ಲಿ ಬಾಕಿಯಿದ್ದ ವಿಚಾರಣೆಗಳು ಹಳೆಯ ಸಂಹಿತೆಯಲ್ಲೇ ಸಾಗುತ್ತವೆ. ಹನೂರಿನಲ್ಲಿ ಇದರ ಜೊತೆಗೆ ನೆಲದ ಸ್ಥಾನಮಾನವೂ ಬದಲಾಗಿದೆ. 2013ಕ್ಕೆ ಮೊದಲು ಮೀಸಲು ಅರಣ್ಯವಾಗಿದ್ದ ಜಾಗ ಆಮೇಲೆ ವನ್ಯಜೀವಿಧಾಮ. ತಾಲ್ಲೂಕು ಕೂಡ ಹೊಸದು; 2018ಕ್ಕೆ ಹಿಂದಿನ ಕಾಗದಗಳಲ್ಲಿ ಹನೂರಿನ ಕಾಡು ಕೊಳ್ಳೇಗಾಲ ತಾಲ್ಲೂಕಿನ ಹೆಸರಿನಲ್ಲೇ ಸಿಗುತ್ತದೆ. ಹಳೆಯ ಕಡತವನ್ನು ಗಣಕಕ್ಕೆ ಏರಿಸುವವರು ಇದನ್ನು ಗಮನಿಸದಿದ್ದರೆ ಒಂದೇ ಊರಿನ ಮೊಕದ್ದಮೆಗಳು ಎರಡು ಕಡೆ ಚದುರಿಹೋಗುತ್ತವೆ.

ಈ ಕಾಡಿನಲ್ಲಿ ದಾಖಲೆ ಎಂದರೆ ಎಷ್ಟು ಭಾರದ ಮಾತು ಎಂಬುದಕ್ಕೆ ಗೋಪಿನಾಥಂ ಸಾಕ್ಷಿ. ದಂತ ಮತ್ತು ಗಂಧದ ಕಳ್ಳಸಾಗಣೆಯ ವೀರಪ್ಪನ್ ಹುಟ್ಟಿದ ಊರು ಅದು. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ 1991ರ ನವೆಂಬರ್ 10ರಂದು ಅದರ ಸಮೀಪದಲ್ಲೇ ಅವನ ಕೈಯಲ್ಲಿ ಹತರಾದರು. 2004ರ ಅಕ್ಟೋಬರ್‌ನಲ್ಲಿ ವೀರಪ್ಪನ್ ಸಾಯುವವರೆಗೆ ಎರಡು ರಾಜ್ಯಗಳ ಅರಣ್ಯ, ಪೊಲೀಸ್ ಇಲಾಖೆಗಳು ಅವನ ಮೇಲೆ ಬೇರೆ ಬೇರೆಯಾಗಿ ಕಡತ ಕಟ್ಟುತ್ತಲೇ ಇದ್ದವು. ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೊ ಎಂಬ ಕೇಂದ್ರ ಸಂಸ್ಥೆ ಬಂದದ್ದು ಆಮೇಲೆ, 2007ರಲ್ಲಿ.

ಗರುಡಾಕ್ಷಿ ಶುರುವಾದ ಐದು ತಿಂಗಳಿಗೆ ಮಲೆ ಮಹದೇಶ್ವರ ವಿಭಾಗದಲ್ಲೇ ದೊಡ್ಡ ದುರಂತ ನಡೆಯಿತು. 2025ರ ಜೂನ್ 26ರಂದು ಹೂಗ್ಯಂ ವಲಯದ ಮೀಣ್ಯಂ ಅರಣ್ಯದಲ್ಲಿ ತಾಯಿಹುಲಿ ಮತ್ತು ಅದರ ನಾಲ್ಕು ಮರಿಗಳ ಕಳೇಬರ ಸಿಕ್ಕಿದವು. ಹುಲಿ ಹಿಡಿದ ಹಸುವಿನ ದೇಹಕ್ಕೆ ವಿಷ ಹಾಕಿದ್ದರೆಂದು ತನಿಖೆಯಲ್ಲಿ ಕಂಡುಬಂತು, ಬಂಧನಗಳಾದವು. ಹುಲಿಯ ಸಾವು ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ ‘ಟೈಗರ್‌ನೆಟ್’ ದಾಖಲೆಗೂ ಸೇರಬೇಕು, ಮೊಕದ್ದಮೆಯ ಕಡತಕ್ಕೂ ಸೇರಬೇಕು. ಒಂದು ಸಾವನ್ನು ಎಣಿಸುತ್ತದೆ, ಇನ್ನೊಂದು ಹೊಣೆಗಾರರನ್ನು ಹುಡುಕುತ್ತದೆ. ಅಂಗಾಂಶ ಪರೀಕ್ಷೆಯ ವರದಿಯಿಲ್ಲದೆ ಎರಡೂ ಪೂರ್ಣವಾಗುವುದಿಲ್ಲ. ಜಾನುವಾರು ಕಳೆದುಕೊಂಡವರ ಪರಿಹಾರದ ಅರ್ಜಿಗಳನ್ನು ಈ ಕಡತಗಳ ಪಕ್ಕದಲ್ಲಿಟ್ಟು ಓದುವ ವ್ಯವಸ್ಥೆಯಾದರೆ, ಎಲ್ಲಿ ಸಿಟ್ಟು ಮಡುಗಟ್ಟುತ್ತಿದೆ ಎಂಬುದು ವಿಷ ಬೀಳುವ ಮೊದಲೇ ಕಾಣಬಹುದು. ಬೆಟ್ಟದ ಊರುಗಳ ಬದುಕು ದನದ ದೊಡ್ಡಿಗಳ ಸುತ್ತ ಬೆಳೆದದ್ದು. ಎಷ್ಟೋ ಊರುಗಳ ಹೆಸರೇ ‘ದೊಡ್ಡಿ’ ಎಂದು ಮುಗಿಯುತ್ತದೆ.

ಬಿಳಿಗಿರಿರಂಗನ ಬೆಟ್ಟ ಪ್ರಾಯೋಗಿಕ ಹಂತದ ಪಟ್ಟಿಯಲ್ಲಿ ಇರಲಿಲ್ಲ. ಹುಲಿ ಸಂರಕ್ಷಿತ ಪ್ರದೇಶಗಳ ಗಸ್ತಿಗೆ ‘ಎಂ-ಸ್ಟ್ರೈಪ್ಸ್’ ಎಂಬ ಬೇರೆ ವ್ಯವಸ್ಥೆ ಇದೆ. ಅದರ ಮುಖ್ಯ ಕೆಲಸ ಗಸ್ತಿನ ದಾರಿ ಮತ್ತು ಕಂಡದ್ದನ್ನು ದಾಖಲಿಸುವುದು, ನ್ಯಾಯಾಲಯದ ವಾಯಿದೆಗಳನ್ನಲ್ಲ.

ಬಿಳಿಗಿರಿರಂಗನ ಬೆಟ್ಟದ ಆದಿವಾಸಿಗಳಾದ ಸೋಲಿಗರ ವಿಷಯದಲ್ಲಂತೂ ಹಳೆಯ ದಾಖಲೆಗಳನ್ನು ಹೆಚ್ಚಿನ ಎಚ್ಚರದಿಂದ ತಿದ್ದಬೇಕು. ಜೇನು, ನೆಲ್ಲಿಕಾಯಿ, ಕಲ್ಲುಹೂ ತರುವುದು ಅವರ ಹಿರೀಕರ ಕಾಲದ ಬದುಕು. ವನ್ಯಜೀವಿ ಕಾಯ್ದೆಯ ಹಿಂದಿನೊಂದು ತಿದ್ದುಪಡಿಯ ಹಿನ್ನೆಲೆಯಲ್ಲಿ 2006ರಿಂದ ಈ ಸಂಗ್ರಹಕ್ಕೆ ನಿಷೇಧ ಬಿತ್ತು. 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರ ಅಕ್ಟೋಬರ್‌ನಲ್ಲಿ ಬೆಟ್ಟದ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಕೆಲವೇ ವರ್ಷಗಳ ಅಂತರದಲ್ಲಿ ಅದೇ ಜೇನು ರೂಢಿಯಾಗಿತ್ತು, ಅಪರಾಧವಾಯಿತು, ಮತ್ತೆ ಹಕ್ಕಾಯಿತು. ಆ ನಡುವಿನ ಕಾಲದ ಕಡತವನ್ನು ಏರಿಸುವಾಗ ಕಾಯ್ದೆಯ ಕಲಂ ಜೊತೆಗೆ ಹಕ್ಕುಪತ್ರದ ವಿವರವೂ, ಪ್ರಕರಣ ಖುಲಾಸೆಯಾಗಿದ್ದರೆ ಆ ಆದೇಶದ ತಾರೀಖೂ ಅದೇ ಪುಟದಲ್ಲಿ ಕಾಣಬೇಕು. ಇಲ್ಲವಾದರೆ ನ್ಯಾಯಾಲಯ ಬಿಟ್ಟ ಮನುಷ್ಯ ಗಣಕದ ಪರದೆಯ ಮೇಲೆ ಆರೋಪಿಯಾಗಿಯೇ ಉಳಿದುಬಿಡುತ್ತಾನೆ.