ಲ್ಯಾಪ್‌ಟಾಪ್‌ನ ಹಾರ್ಡ್ ಡಿಸ್ಕ್ ಕೆಟ್ಟಾಗ: ಡಿಸ್ಕ್ ಬದಲಾವಣೆ, ಮರುಸ್ಥಾಪನೆ ಮತ್ತು ಕನ್ನಡ ಕಡತಗಳು
ಅಂಕೋಲಾ: ಕರಾವಳಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡವರಿಗೆ ಮಳೆಗಾಲವೆಂದರೆ ಪರೀಕ್ಷೆಯ ಕಾಲ. ಬೆಳಿಗ್ಗೆ ಗುಂಡಿ ಒತ್ತಿದರೆ ಎಂದಿನ ಚಿತ್ರ ಮೂಡುವ ಬದಲು ಕಪ್ಪು ಪರದೆಯ ಮೇಲೆ ‘ಬೂಟ್ ಡಿವೈಸ್ ಸಿಗಲಿಲ್ಲ’ ಎಂಬರ್ಥದ ಒಂದು ಸಾಲು ಕಾಣಿಸುತ್ತದೆ. ಯಂತ್ರದ ಬೆಲೆಗಿಂತ ಅದರೊಳಗಿನ ಛಾಯಾಚಿತ್ರ, ಲೆಕ್ಕಪತ್ರ, ಬರೆಹಗಳ ಚಿಂತೆಯೇ ಆಗ ದೊಡ್ಡದಾಗುತ್ತದೆ. ಇಂಥ ಸಂದರ್ಭದಲ್ಲಿ ಏನು ಮಾಡಬೇಕು ಎಂಬುದಕ್ಕಿಂತ ಏನು ಮಾಡಬಾರದು ಎಂಬುದನ್ನು ಮೊದಲು ತಿಳಿದಿರುವುದು ಒಳಿತು.

ಹಾರ್ಡ್ ಡಿಸ್ಕ್ ಹೊಸ ಸಂಗತಿಯೇನಲ್ಲ. 1956ರಲ್ಲಿ ಐಬಿಎಂ ಸಂಸ್ಥೆ ಹೊರತಂದ ಮೊದಲ ಡಿಸ್ಕ್ ಘಟಕ 50 ತಟ್ಟೆಗಳನ್ನು ಹೊಂದಿದ್ದು, ಸುಮಾರು ಒಂದು ಟನ್ ತೂಗುತ್ತಿತ್ತು. ಅದರಲ್ಲಿ ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರಗಳು ಮಾತ್ರ. ಲ್ಯಾಪ್‌ಟಾಪ್‌ನ ಎರಡೂವರೆ ಅಂಗುಲದ ಡಿಸ್ಕ್‌ನಲ್ಲಿ ಕೆಲಸದ ಕ್ರಮ ಇಂದಿಗೂ ಅದೇ. ಕಾಂತೀಯ ಲೇಪನವುಳ್ಳ ತಟ್ಟೆ ನಿಮಿಷಕ್ಕೆ ಸಾಮಾನ್ಯವಾಗಿ 5400 ಸುತ್ತು, ಅಂದರೆ ಸೆಕೆಂಡಿಗೆ 90 ಸುತ್ತು ತಿರುಗುತ್ತದೆ. ಓದುವ ತಲೆ ಅದರ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ಈ ಅಂತರ ತಪ್ಪಿ ತಲೆ ತಟ್ಟೆಗೆ ತಾಗಿದರೆ ಆ ಭಾಗದ ಮಾಹಿತಿ ಕೆರೆದು ಹೋಗುತ್ತದೆ.

ಈ ಮಾದರಿಯ ಡಿಸ್ಕ್ ಸಂಪೂರ್ಣ ಮುಚ್ಚಿದ ಪೆಟ್ಟಿಗೆ ಎಂಬುದು ತಪ್ಪು ತಿಳಿವಳಿಕೆ. ಹೊರಗಿನ ವಾಯುಭಾರಕ್ಕೆ ಹೊಂದಿಕೊಳ್ಳಲೆಂದು ಅದರಲ್ಲಿ ಶೋಧಕವಿರುವ ಒಂದು ಸಣ್ಣ ರಂಧ್ರವಿರುತ್ತದೆ. ಶೋಧಕ ದೂಳನ್ನು ತಡೆದೀತೇ ಹೊರತು ತೇವವನ್ನಲ್ಲ. 1930ರ ಉಪ್ಪಿನ ಸತ್ಯಾಗ್ರಹದಿಂದ ಹೆಸರಾದ ಅಂಕೋಲೆಯಲ್ಲಿ ಗಾಳಿಯಲ್ಲಿಯೂ ಉಪ್ಪಿದೆ. ಅದು ಸರ್ಕ್ಯೂಟ್ ಹಲಗೆಯ ಮೇಲೂ ಜೋಡಣೆಯ ಪಿನ್‌ಗಳ ಮೇಲೂ ಕಿಲುಬು ಹಿಡಿಸುತ್ತದೆ. ಇದಕ್ಕೆ ಮಳೆಗಾಲದ ವಿದ್ಯುತ್ ವ್ಯತ್ಯಯವೂ ಸೇರುತ್ತದೆ. ಲ್ಯಾಪ್‌ಟಾಪ್‌ಗೆ ಬ್ಯಾಟರಿಯ ರಕ್ಷಣೆ ಇದೆ, ನಿಜ. ಆದರೆ ಬ್ಯಾಟರಿ ಸತ್ತು ಕೇವಲ ಚಾರ್ಜರ್ ಬಲದಿಂದ ಓಡುತ್ತಿರುವ ಹಳೆಯ ಯಂತ್ರಗಳು ಎಷ್ಟು ಮನೆಗಳಲ್ಲಿಲ್ಲ? ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಕಡತ ವ್ಯವಸ್ಥೆ ಹದಗೆಡುತ್ತದೆ.

ಕೆಟ್ಟಿರುವುದು ಡಿಸ್ಕೋ ಅಥವಾ ಕೇವಲ ತಂತ್ರಾಂಶವೋ ಎಂಬುದನ್ನು ಮೊದಲು ನಿರ್ಧರಿಸಬೇಕು. ಯಂತ್ರ ಚಾಲೂ ಆಗುವಾಗ ಎಫ್‌2, ಎಸ್ಕೇಪ್ ಅಥವಾ ತಯಾರಕರು ಸೂಚಿಸಿದ ಕೀಲಿ ಒತ್ತಿ ಬಯೋಸ್ ಪುಟ ತೆರೆದು ನೋಡಿ. ಅಲ್ಲಿ ಡಿಸ್ಕ್‌ನ ಹೆಸರು ಕಾಣುತ್ತಿದ್ದು, ವಿಂಡೋಸ್ ಮಾತ್ರ ತೆರೆದುಕೊಳ್ಳದಿದ್ದರೆ ಡಿಸ್ಕ್ ಬದುಕಿರುವ ಸಂಭವವಿದೆ. ಹೆಸರೇ ಇಲ್ಲವಾದರೆ ಜೋಡಣೆ ಸಡಿಲವಾಗಿದೆ ಅಥವಾ ಡಿಸ್ಕ್ ಹೋಗಿದೆ. ಡಿಸ್ಕ್‌ಗಳು ತಮ್ಮ ಆರೋಗ್ಯವನ್ನು ‘ಸ್ಮಾರ್ಟ್’ ಎಂಬ ದಾಖಲೆಯಲ್ಲಿ ತಾವೇ ಬರೆದಿಡುತ್ತವೆ. ಓದಲಾಗದೆ ಬಾಕಿ ಉಳಿದಿರುವ ಸೆಕ್ಟರ್‌ಗಳ ಸಂಖ್ಯೆ ಅದರಲ್ಲಿ ದಿನೇ ದಿನೇ ಏರುತ್ತಿದ್ದರೆ ಅಂತ್ಯ ಸಮೀಪಿಸಿದೆ ಎಂದೇ ಅರ್ಥ.

ಡಿಸ್ಕ್ ಒಳಗಿನಿಂದ ‘ಟಕ್, ಟಕ್’ ಎಂಬ ಸದ್ದು ಬರುತ್ತಿದ್ದರೆ ಯಂತ್ರವನ್ನು ಕೂಡಲೇ ಆರಿಸಿ, ಮತ್ತೆ ಚಾಲೂ ಮಾಡದಿರುವುದೇ ಕ್ಷೇಮ. ಪ್ರತಿ ಪ್ರಯತ್ನವೂ ತಟ್ಟೆಯನ್ನು ಇನ್ನಷ್ಟು ಕೆರೆಯುತ್ತದೆ. ಮುಚ್ಚಳ ಬಿಚ್ಚಿ ನೋಡುವುದು ಸರ್ವಥಾ ಸಲ್ಲದು. ಫ್ರಿಜ್‌ನಲ್ಲಿ ಇಟ್ಟು ತೆಗೆದರೆ ಓಡುತ್ತದೆ ಎಂಬ ಹಳೆಯ ಸಲಹೆಯಂತೂ ಕರಾವಳಿಯ ತೇವದಲ್ಲಿ ಆತ್ಮಘಾತುಕವೇ ಸರಿ. ತಣ್ಣನೆಯ ತಟ್ಟೆಯ ಮೇಲೆ ನೀರ ಹನಿ ಕಟ್ಟುತ್ತದೆ. 2019ರ ಆಗಸ್ಟ್‌ನಲ್ಲಿ ಗಂಗಾವಳಿ ಉಕ್ಕಿ ಹರಿದಂತೆ ನೆರೆ ಬಂದು ಯಂತ್ರ ಮುಳುಗಿದ್ದರೆ ಡಿಸ್ಕ್‌ಗೆ ವಿದ್ಯುತ್ ಕೊಡಬಾರದು, ಬಿಸಿಗಾಳಿಯಿಂದ ಒಣಗಿಸಲೂ ಬಾರದು. ಅಂಥದನ್ನು ಗಾಳಿಯಾಡದ ಚೀಲದಲ್ಲಿಟ್ಟು ಮಾಹಿತಿ ಮರುಪಡೆಯುವ ಪ್ರಯೋಗಾಲಯಕ್ಕೆ ಒಯ್ಯಬೇಕು. ಖರ್ಚು ಹೊಸ ಲ್ಯಾಪ್‌ಟಾಪ್‌ನ ಬೆಲೆಯನ್ನೂ ಮೀರಬಹುದು. ಒಳಗಿರುವುದು ಅಷ್ಟು ಬೆಲೆ ಬಾಳುತ್ತದೆಯೇ ಎಂಬುದನ್ನು ಮಾಲೀಕರೇ ತೀರ್ಮಾನಿಸಬೇಕು.

ಈ ವರದಿಗಾರನ ಯಂತ್ರವೂ ಒಂದು ಮಳೆಗಾಲದಲ್ಲಿ ಕೈಕೊಟ್ಟಿತ್ತು. ನೆರೆಯ ಚಿತ್ರಗಳು, ನುಡಿ ತಂತ್ರಾಂಶದಲ್ಲಿ ಬೆರಳಚ್ಚಿಸಿದ ಹಲವು ವರ್ಷಗಳ ವರದಿಗಳು ಅದರಲ್ಲಿದ್ದವು. ದುರಸ್ತಿಯವರು ಎರಡು ಮಾತಿಲ್ಲದೆ ‘ಫಾರ್ಮ್ಯಾಟ್ ಮಾಡಿ ಕೊಡುತ್ತೇವೆ’ ಎಂದರು. ಫಾರ್ಮ್ಯಾಟ್ ಎಂದರೆ ಇದ್ದುದನ್ನು ಅಳಿಸಿ ಕೊಡುವುದು ಎಂಬ ಅರಿವಿದ್ದುದರಿಂದ ಯಂತ್ರ ವಾಪಸಾಯಿತು. ಡಿಸ್ಕ್ ಸದ್ದು ಮಾಡುತ್ತಿರಲಿಲ್ಲ, ನಿಧಾನವಾಗಿ ಓದುತ್ತಿತ್ತು. ಪೆನ್‌ಡ್ರೈವ್‌ನಿಂದಲೇ ಓಡುವ ಲಿನಕ್ಸ್ ಬಳಸಿ, ‘ಜಿಎನ್‌ಯು ಡಿಡಿರೆಸ್ಕ್ಯೂ’ ಎಂಬ ಉಚಿತ ತಂತ್ರಾಂಶದಿಂದ ಇಡೀ ಡಿಸ್ಕ್‌ನ ಪ್ರತಿಯನ್ನು ಬೇರೊಂದು ಡಿಸ್ಕ್‌ಗೆ ಇಳಿಸಲಾಯಿತು. ಅದು ಮೊದಲು ಚೆನ್ನಾಗಿರುವ ಭಾಗಗಳನ್ನು ಎತ್ತಿಕೊಂಡು, ಹಾಳಾದ ಭಾಗಗಳಿಗೆ ಕೊನೆಯಲ್ಲಿ ಕೈ ಹಾಕುತ್ತದೆ. ಎಲ್ಲಿಯವರೆಗೆ ಕೆಲಸವಾಯಿತು ಎಂಬ ನಕ್ಷೆಯನ್ನೂ ಬರೆದಿಡುವುದರಿಂದ ನಡುವೆ ಕರೆಂಟ್ ಹೋದರೂ ಬಿಟ್ಟಲ್ಲಿಂದ ಮುಂದುವರಿಸಬಹುದು. ನಮ್ಮ ಕಡೆಗೆ ಹೇಳಿ ಮಾಡಿಸಿದಂತಿದೆ! ಮೂರು ದಿನ ಹಿಡಿದರೂ ವರದಿಗಳೆಲ್ಲ ಬಂದವು. ಚಿತ್ರಗಳ ಒಂದು ಫೋಲ್ಡರ್ ಮಾತ್ರ ಬರಲಿಲ್ಲ.

ಹೊಸ ಡಿಸ್ಕ್ ಕೊಳ್ಳುವ ಮುನ್ನ ಹಳೆಯದನ್ನು ಹೊರತೆಗೆದು ನೋಡುವುದು ಲೇಸು. ಎರಡೂವರೆ ಅಂಗುಲದ ಸಾಟಾ ಡಿಸ್ಕ್‌ಗಳಲ್ಲಿ 7 ಮಿಲಿಮೀಟರ್ ಮತ್ತು 9.5 ಮಿಲಿಮೀಟರ್ ದಪ್ಪದವು ಇವೆ. ಇವುಗಳ ಜಾಗಕ್ಕೆ ಅದೇ ಅಳತೆಯ ಎಸ್‌ಎಸ್‌ಡಿ ಹಾಕಿದರೆ ಹಳೆಯ ಯಂತ್ರಕ್ಕೂ ಮರುಹುಟ್ಟು ಬಂದಂತಾಗುತ್ತದೆ. ಈಚಿನ ಯಂತ್ರಗಳಲ್ಲಿ ಚೂಯಿಂಗ್ ಗಮ್ ಪಟ್ಟಿಯಂತಹ ಎಂ.2 ಎಸ್‌ಎಸ್‌ಡಿ ಇರುತ್ತದೆ. ಅದರಲ್ಲಿಯೂ ಸಾಟಾ, ಎನ್‌ವಿಎಂಇ ಎಂಬ ಎರಡು ಬಗೆಗಳಿದ್ದು, ಒಂದರ ಬದಲು ಇನ್ನೊಂದು ತಂದರೆ ಯಂತ್ರ ಗುರುತಿಸದೇ ಹೋಗಬಹುದು. ಬದಲಿಸುವ ಕೆಲಸ ಕಷ್ಟವೇನಲ್ಲ: ಚಾರ್ಜರ್ ತೆಗೆದು, ಬ್ಯಾಟರಿಯ ಜೋಡಣೆ ಬಿಡಿಸಿ, ಸ್ಕ್ರೂಗಳನ್ನು ಕಳೆಯದಂತೆ ತಟ್ಟೆಯಲ್ಲಿಟ್ಟುಕೊಂಡರೆ ಅರ್ಧ ತಾಸಿನಲ್ಲಿ ಮುಗಿಯುತ್ತದೆ.

ಇನ್ನು ಆಪರೇಟಿಂಗ್ ಸಿಸ್ಟಂ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಭದ್ರತಾ ಘಟಕ, 4 ಜಿಬಿ ಸ್ಮೃತಿ ಮತ್ತು 64 ಜಿಬಿ ಸಂಗ್ರಹಣೆ ಕನಿಷ್ಠ ಅಗತ್ಯ. ಹತ್ತು ವರ್ಷದ ಲ್ಯಾಪ್‌ಟಾಪ್ ಸಾಮಾನ್ಯವಾಗಿ ಈ ಪರೀಕ್ಷೆಯಲ್ಲಿ ಉತ್ತೀರ್ಣವಾಗುವುದಿಲ್ಲ. ಅಂಥವಕ್ಕೆ ಉಬುಂಟು ಅಥವಾ ಲಿನಕ್ಸ್ ಮಿಂಟ್ ಸೂಕ್ತ ಎಂಬುದು ಈ ಲೇಖಕನ ಅಭಿಪ್ರಾಯ. ವಿಂಡೋಸ್ 8ರ ನಂತರ ಕಂಪನಿಯಿಂದಲೇ ವಿಂಡೋಸ್ ಹಾಕಿಸಿ ಬಂದ ಯಂತ್ರಗಳಲ್ಲಿ 25 ಅಕ್ಷರಗಳ ಪರವಾನಗಿ ಸಂಖ್ಯೆ ಮದರ್‌ಬೋರ್ಡ್‌ನಲ್ಲಿಯೇ ಅಡಗಿರುತ್ತದೆ. ಡಿಸ್ಕ್ ಬದಲಿಸಿದರೂ ಅದು ಉಳಿಯುವುದರಿಂದ ಮತ್ತೆ ಹಣ ತೆರಬೇಕಿಲ್ಲ. ಇನ್ನೊಂದು ಯಂತ್ರದಲ್ಲಿ ಮೈಕ್ರೋಸಾಫ್ಟ್ ತಾಣದಿಂದ ಸ್ಥಾಪನಾ ಕಡತವನ್ನು 8 ಜಿಬಿ ಪೆನ್‌ಡ್ರೈವ್‌ಗೆ ಇಳಿಸಿಕೊಂಡರೆ ಸಾಕು. 11ನೇ ತಲೆಮಾರು ಮತ್ತು ನಂತರದ ಇಂಟೆಲ್ ಪ್ರೊಸೆಸರ್ ಇರುವ ಕೆಲವು ಯಂತ್ರಗಳಲ್ಲಿ ಸ್ಥಾಪನೆಯ ವೇಳೆ ಹೊಸ ಡಿಸ್ಕ್ ಕಾಣಿಸುವುದೇ ಇಲ್ಲ. ಡಿಸ್ಕ್ ಕೆಟ್ಟಿದೆಯೆಂದು ಅಂಗಡಿಗೆ ಓಡಬೇಡಿ. ತಯಾರಕರ ತಾಣದಲ್ಲಿ ಸಿಗುವ ಇಂಟೆಲ್ ಸಂಗ್ರಹಣಾ ಡ್ರೈವರ್ ಅನ್ನು ಅದೇ ಪೆನ್‌ಡ್ರೈವ್‌ನಲ್ಲಿ ಒದಗಿಸಬೇಕು, ಅಷ್ಟೇ. ಹಳೆಯ ಡಿಸ್ಕ್ ಬಿಟ್‌ಲಾಕರ್‌ನಿಂದ ಬೀಗ ಹಾಕಲ್ಪಟ್ಟಿದ್ದರೆ ಅದನ್ನು ಓದಲು 48 ಅಂಕಿಗಳ ಕೀಲಿ ಬೇಕು. ಅದನ್ನು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಹುಡುಕಿ.

ಎಲ್ಲ ಮುಗಿಯಿತು ಎನ್ನುವಾಗ ಕನ್ನಡಿಗರಿಗೆ ಇನ್ನೊಂದು ಆಘಾತ ಕಾದಿರುತ್ತದೆ. ಉಳಿಸಿಕೊಂಡ ಹಳೆಯ ಕಡತ ತೆರೆದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಕಡತ ಹಾಳಾಗಿದೆಯೆಂದು ಭಾವಿಸಿ ಅಳಿಸಬಾರದು. ಕನ್ನಡ ಗಣಕ ಪರಿಷತ್ತಿನ ನುಡಿ, 1998ರಲ್ಲಿ ಶೇಷಾದ್ರಿವಾಸು ಅವರು ರೂಪಿಸಿದ ಬರಹ ಮೊದಲಾದವುಗಳ ಹಳೆಯ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ಹೊಸ ಡಿಸ್ಕ್‌ನಲ್ಲಿ ಆ ಫಾಂಟ್ ಇಲ್ಲ, ಆದ್ದರಿಂದ ಅಕ್ಷರವೂ ಇಲ್ಲ. ಫಾಂಟ್ ಮರಳಿ ಹಾಕಿದೊಡನೆ ಬರೆಹ ಓದಬರುತ್ತದೆ. ಆದರೂ ಇಂಥ ಕಡತಗಳನ್ನು ಯುನಿಕೋಡ್‌ಗೆ ಪರಿವರ್ತಿಸಿಡುವುದೇ ಶಾಶ್ವತ ಪರಿಹಾರ. ನುಡಿ, ಬರಹ ಎರಡರಲ್ಲಿಯೂ ಅದಕ್ಕೆ ಅನುಕೂಲವಿದೆ. ಪರಿವರ್ತನೆಯ ಬಳಿಕ ಅರ್ಕಾವತ್ತು ಇರುವ ಪದಗಳನ್ನು ಕಣ್ಣಿಟ್ಟು ನೋಡಬೇಕು. ಹಳೆಯ ಫಾಂಟ್‌ಗಳಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯುನಿಕೋಡ್‌ನಲ್ಲಿ ಮೊದಲು, ತಪ್ಪುವುದು ಅಲ್ಲಿಯೇ. ಮುಂದಿನ ಬೆರಳಚ್ಚಿಗೆ ವಿಂಡೋಸ್‌ನಲ್ಲಿ ಕನ್ನಡ ಕೀಲಿಮಣೆ ಅಂತರ್ಗತವಾಗಿದೆ. ಲಿನಕ್ಸ್‌ನಲ್ಲಿ ನುಡಿಯ ಅಭ್ಯಾಸವಿದ್ದವರಿಗೆ ಕಗಪ ವಿನ್ಯಾಸವೂ ದೊರೆಯುತ್ತದೆ.

ಎಸ್‌ಎಸ್‌ಡಿ ಹಾಕಿದ ಮಾತ್ರಕ್ಕೆ ನಿಶ್ಚಿಂತೆ ಬೇಡ. ಅದರಲ್ಲಿ ಸದ್ದು ಮಾಡಲು ಏನೂ ಇಲ್ಲದಿರುವುದರಿಂದ ಮುನ್ಸೂಚನೆ ಕೊಡದೆ ನಿಲ್ಲುವುದೂ ಉಂಟು. ಮಹತ್ವದ ಕಡತಗಳ ಇನ್ನೊಂದು ಪ್ರತಿ ಮನೆಯ ಹೊರಗೆಲ್ಲಾದರೂ ಇರಲಿ. ಬದಲಿಸಿದ ಹಳೆಯ ಡಿಸ್ಕ್ ಅನ್ನು, ಮರುಪಡೆದ ಕಡತಗಳೆಲ್ಲ ತೆರೆಯುತ್ತವೆ ಎಂದು ಖಚಿತವಾಗುವವರೆಗೆ ಜೋಪಾನವಾಗಿಡಿ. ಆಮೇಲೆ ಗುಜರಿಗೆ ಹಾಕುವ ಬದಲು ಅಧಿಕೃತ ಇ-ತ್ಯಾಜ್ಯ ಸಂಗ್ರಾಹಕರಿಗೆ ಒಪ್ಪಿಸಿ. ಮಾಹಿತಿ ಅನ್ಯರ ಕೈಸೇರಬಾರದೆಂದು ಸುತ್ತಿಗೆ ಎತ್ತುವವರು ಎಚ್ಚರ ವಹಿಸಬೇಕು: ಲ್ಯಾಪ್‌ಟಾಪ್ ಡಿಸ್ಕ್‌ನ ತಟ್ಟೆ ಹೆಚ್ಚಾಗಿ ಗಾಜಿನದು, ಸಿಡಿದರೆ ಕಣ್ಣಿಗೆ ಅಪಾಯ.