ತಂಪಿನ ನೀರಿಗೂ ಲೆಕ್ಕವಿತ್ತು

ಛತ್ರಪತಿ ಸಂಭಾಜಿನಗರದ ಪನ್‌ಚಕ್ಕಿ ಎಂಬ ನೀರುಗಿರಣಿಯಲ್ಲಿ, ಸೂಫಿ ಸಂತ ಬಾಬಾ ಶಾಹ ಮುಸಾಫಿರರ ದರ್ಗಾದ ಆವರಣದೊಳಗೆ, ಒಂದು ಉದ್ದನೆಯ ಹೊಂಡವಿದೆ. ಆ ಹೊಂಡದ ತಳವೇ ಕೆಳಗಿನ ದೊಡ್ಡ ಹಜಾರಕ್ಕೆ ಚಾವಣಿ. ದಪ್ಪ ಕಂಬಗಳು ಹೊತ್ತ ಆ ಚಾವಣಿಯ ಮೇಲೆ ನೀರು ನಿಲ್ಲುವುದರಿಂದ ಬೇಸಿಗೆಯ ಧಗೆಯಲ್ಲೂ ಹಜಾರ ತಂಪು. ದಣಿದು ಬಂದ ಯಾತ್ರಿಕರಿಗೆ ಅದೇ ನೆರಳು. ಇಂದು ಡೇಟಾ ಸೆಂಟರ್‌ಗಳ ಯಂತ್ರಗಳನ್ನು ಗಾಳಿಯ ಬದಲು ದ್ರವದಿಂದ ತಣಿಸುವ ವಿಧಾನವನ್ನು ಹೊಚ್ಚಹೊಸದೆಂಬಂತೆ ಕೊಂಡಾಡುತ್ತಾರೆ. ಆದರೆ ನೀರಿನಿಂದ ಶಾಖ ತೆಗೆಯುವ ಉಪಾಯ ದಖ್ಖನ್ನಿಗೆ ಹಳೆಯದು. ಮಳೆ ಕೈಕೊಡುವ ಈ ಸೀಮೆಯಲ್ಲಿ ಆ ಉಪಾಯ ಬಾಳಿದ್ದು ನೀರಿನ ಹಿಂದುಮುಂದಿನ ಲೆಕ್ಕ ಇಟ್ಟಲ್ಲಿ: ಅದು ಎಲ್ಲಿಂದ ಬಂತು, ದಾರಿಯಲ್ಲಿ ಎಷ್ಟು ಕೆಲಸ ಮಾಡಿತು, ಕೊನೆಗೆ ಯಾರ ಪಾಲಾಯಿತು. ಹೊಸ ತಂತ್ರವನ್ನೂ ಅದೇ ಲೆಕ್ಕದಿಂದ ಅಳೆಯಬೇಕು.

ಅಹಮದ್‌ನಗರ ಸುಲ್ತಾನರ ಪ್ರಧಾನಿ ಮಲಿಕ್ ಅಂಬರ್ 1610ರಲ್ಲಿ ಖಡ್ಕಿ ಎಂಬ ಊರನ್ನು, ಅಂದರೆ ಇಂದಿನ ಸಂಭಾಜಿನಗರವನ್ನು, ರಾಜಧಾನಿಯಾಗಿಸಿಕೊಂಡಾಗ ಮೊದಲು ಎದುರಾದದ್ದು ನೀರಿನ ಪ್ರಶ್ನೆ. ಗುಡ್ಡಗಳ ಬುಡದಲ್ಲಿ ಜಿನುಗುವ ಅಂತರ್ಜಲವನ್ನು ನೆಲದಡಿಯ ಕಾಲುವೆಯಲ್ಲಿ, ಇಳಿಜಾರಿನ ಬಲದಿಂದಲೇ ಊರಿಗೆ ತಂದ ನಹರ್-ಎ-ಅಂಬರಿ ಅದಕ್ಕೆ ಅವನು ಕಂಡುಕೊಂಡ ಉತ್ತರ. ಮುಂದೆ ಇಂಥ ನಹರುಗಳು ಹೆಚ್ಚಿದವು. 17-18ನೇ ಶತಮಾನಗಳಲ್ಲಿ ರೂಪುಗೊಂಡ ಪನ್‌ಚಕ್ಕಿಯೂ ಆ ಪರಂಪರೆಯದೇ. ದೂರದ ಗುಡ್ಡದ ಚಿಲುಮೆಯಿಂದ ಮಣ್ಣಿನ ಕೊಳವೆಗಳಲ್ಲಿ ಬಂದ ನೀರು ಎತ್ತರದ ಗೋಡೆಯಿಂದ ಕೆಳಗೆ ಬೀಳುತ್ತಿತ್ತು. ಆ ರಭಸಕ್ಕೆ ಚಕ್ರ ತಿರುಗಿ ಬೀಸುವ ಕಲ್ಲು ನಡೆಯುತ್ತಿತ್ತು. ಯಾತ್ರಿಕರಿಗೂ ಬಡವರಿಗೂ ಹಿಟ್ಟು ಸಿಗುತ್ತಿತ್ತು. ಅದೇ ನೀರು ಹೊಂಡ ತುಂಬಿ, ಕೆಳಗಿನ ಹಜಾರವನ್ನು ತಣಿಸಿ, ಮಿಕ್ಕಿದ್ದು ಪಕ್ಕದ ಖಾಮ್ ನದಿಗೆ ಸೇರುತ್ತಿತ್ತು. ತಂಪಿಗೆಂದೇ ಬೇರೆ ನೀರು ತಂದಿರಲಿಲ್ಲ. ಹರಿಯುವ ನೀರಿನ ಹಲವು ಕೆಲಸಗಳಲ್ಲಿ ತಂಪು ಒಂದಾಗಿತ್ತು. ನಮ್ಮ ವಿಜಯಪುರದ ಬಳಿಯ ಕುಮಟಗಿಯಲ್ಲಿ ಆದಿಲಶಾಹಿಗಳು ಕಟ್ಟಿಸಿದ ವಿಹಾರ ಮಂಟಪಗಳ ಕೊಳವೆ, ಕಾರಂಜಿಗಳಲ್ಲೂ ಜಾಣ್ಮೆಗೆ ಕೊರತೆಯಿರಲಿಲ್ಲ. ಆದರೆ ಅಲ್ಲಿನ ತಂಪು ಅರಮನೆಯವರ ಸುಖಕ್ಕೆ ಮೀಸಲಾಗಿತ್ತು.

ನೀರು ಯಾರಿಗೆ ಎಂಬ ಪ್ರಶ್ನೆಗೆ ಇನ್ನೂ ಖಚಿತವಾದ ಉತ್ತರ ನಾಶಿಕ ಜಿಲ್ಲೆಯ ಸಟಾಣಾ ಸೀಮೆಯಲ್ಲಿದೆ. ಬಾಗ್ಲಾಣ ಎಂದು ಕರೆಯುವ ಆ ಸೀಮೆಯ ಆರಂ, ಮೋಸಂ ನದಿಗಳ ದಂಡೆಯಲ್ಲಿ ಶತಮಾನಗಳಿಂದ ನಡೆದುಬಂದದ್ದು ಫಡ್ ಪದ್ಧತಿ. ನದಿಗೆ ಅಡ್ಡಲಾಗಿ ಬಂಧಾರ ಕಟ್ಟಿ, ಕಾಲುವೆ ತೆಗೆದು, ನೀರುಣ್ಣುವ ಜಮೀನನ್ನು ಫಡ್ ಎಂಬ ಭಾಗಗಳಾಗಿ ಹಂಚುತ್ತಿದ್ದರು. ಒಂದು ಫಡ್‌ಗೆ ಒಂದೇ ಬೆಳೆ. ನೀರು ಬಿಡಲು ನಮ್ಮ ನೀರುಗಂಟಿಯಂಥ ಪಾಟಕರಿ, ಅವನ ಮೇಲೆ ರೈತರದೇ ಪಂಚರು. ಹೊಳೆ ಬತ್ತಿದ ವರ್ಷ ಯಾವ ಫಡ್‌ಗೆ ನೀರು, ಯಾವುದು ಬೀಳು ಎಂಬುದನ್ನು ಬಿತ್ತುವ ಮೊದಲೇ ತೀರ್ಮಾನಿಸುತ್ತಿದ್ದರು. ಇದು ನಿಷ್ಕಳಂಕ ವ್ಯವಸ್ಥೆಯಾಗಿರಲಿಲ್ಲ. ನೀರಿನ ಹಕ್ಕು ಜಮೀನಿನ ಜೊತೆಗಿದ್ದುದರಿಂದ ಭೂಮಿ ಇಲ್ಲದವರು ಹೊರಗೇ ಉಳಿದರು. ಆದರೂ ಕೊರತೆ ಬಂದಾಗ ಯಾರು ಬಿಟ್ಟುಕೊಡಬೇಕೆಂಬುದು ಎಲ್ಲರಿಗೂ ಮೊದಲೇ ತಿಳಿದಿರುತ್ತಿತ್ತು.

ಯಂತ್ರಗಳ ಚರಿತ್ರೆಯಲ್ಲೂ ನೀರು ಹೊಸಬನಲ್ಲ. ಐಬಿಎಂ 1960ರ ದಶಕದಲ್ಲೇ ತನ್ನ ದೊಡ್ಡ ಕಂಪ್ಯೂಟರುಗಳಿಗೆ ನೀರು ಹರಿಸಿತ್ತು; 1985ರ ಕ್ರೇ-2 ಸೂಪರ್‌ಕಂಪ್ಯೂಟರಿನ ಸರ್ಕ್ಯೂಟುಗಳು ವಿದ್ಯುತ್ ಹರಿಯದ ದ್ರವದಲ್ಲೇ ಮುಳುಗಿದ್ದವು. 1990ರ ದಶಕದಲ್ಲಿ ಕಡಿಮೆ ಬಿಸಿಯಾಗುವ ಸಿಮಾಸ್ ಚಿಪ್‌ಗಳು ಬಂದು ಫ್ಯಾನುಗಳೇ ಸಾಕೆನಿಸಿದವು. ಈಗ ಕೃತಕ ಬುದ್ಧಿಮತ್ತೆಯ ಚಿಪ್‌ಗಳಿಂದಾಗಿ ಒಂದೇ ರ‍್ಯಾಕ್‌ನ ವಿದ್ಯುತ್ ಬಳಕೆ 100 ಕಿಲೋವಾಟ್ ದಾಟುತ್ತಿದೆ. ಅಷ್ಟು ಶಾಖವನ್ನು ಗಾಳಿಗೆ ಹೊರಲಾಗದು. ಅಷ್ಟೇ ಗಾತ್ರದ ಗಾಳಿಗಿಂತ ನೀರು ಸುಮಾರು 3,500 ಪಟ್ಟು ಶಾಖ ಹಿಡಿಯುತ್ತದೆ. ಹಾಗಾಗಿ ಚಿಪ್‌ನ ಬೆನ್ನಿಗೇ ಲೋಹದ ತಟ್ಟೆ ಅಂಟಿಸಿ ಅದರೊಳಗೆ ದ್ರವ ಹರಿಸುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪನೆಯಾದ 3.3 ಪೆಟಾಫ್ಲಾಪ್ ಸಾಮರ್ಥ್ಯದ ಸೂಪರ್‌ಕಂಪ್ಯೂಟರ್ ಪರಮ್ ಪ್ರವೇಗವೂ ದ್ರವದಿಂದ ತಣಿಯುವ ಯಂತ್ರವೇ.

ದ್ರವ ಮುಚ್ಚಿದ ಕೊಳವೆಯಲ್ಲೇ ಸುತ್ತುವಾಗ ನೀರು ಖರ್ಚಾಗುವುದೆಲ್ಲಿ ಎಂದು ಕೇಳುವವರಿದ್ದಾರೆ. ಚಿಪ್‌ನ ಬಳಿ ಅವರ ಮಾತು ನಿಜ. ಆದರೆ ಕೊಳವೆ ಹೊತ್ತ ಶಾಖ ಎಲ್ಲಾದರೂ ಹೊರಗೆ ಹೋಗಲೇಬೇಕು. ಅದನ್ನು ಕೂಲಿಂಗ್ ಟವರ್‌ನಲ್ಲಿ ನೀರು ಆವಿಯಾಗಿಸಿಯೇ ಕಳೆದರೆ 1 ಮೆಗಾವಾಟ್ ಶಾಖಕ್ಕೆ ಗಂಟೆಗೆ ಸುಮಾರು 1,500 ಲೀಟರ್ ಬೇಕು. ದಿನಕ್ಕೆ 36,000 ಲೀಟರ್. ಅದರಲ್ಲಿ ಒಂದು ಹನಿಯೂ ಖಾಮ್ ನದಿಗೆ ಮರಳಿದಂತೆ ಮರಳುವುದಿಲ್ಲ. ಬೇರೆ ದಾರಿಯೂ ಇದೆ: 40 ಡಿಗ್ರಿ ಆಸುಪಾಸಿನ ಬೆಚ್ಚಗಿನ ನೀರಿನಿಂದಲೇ ತಣಿಯುವಂತೆ ಯಂತ್ರವನ್ನು ರೂಪಿಸಿದರೆ, ವರ್ಷದ ಬಹುಪಾಲು ಆ ಶಾಖವನ್ನು ಆವಿಯಿಲ್ಲದೆ ಹೊರಗಾಳಿಗೇ ಬಿಡಬಹುದು. ದ್ರವ ತಂಪಿನ ದೊಡ್ಡ ಗುಣವೇ ಇದು, ಫ್ಯಾನುಗಳ ವಿದ್ಯುತ್ತೂ ಉಳಿಯುತ್ತದೆ. ಆದ್ದರಿಂದ ನಾನು ಈ ತಂತ್ರದ ವಿರೋಧಿಯಲ್ಲ.

ಹಿಟ್ಟಿನ ಗಿರಣಿಗೂ ನೂರಾರು ಮೆಗಾವಾಟಿನ ಕೇಂದ್ರಕ್ಕೂ ಎಲ್ಲಿಂದೆಲ್ಲಿಯ ಹೋಲಿಕೆ ಎಂಬುದು ಇನ್ನೊಂದು ಆಕ್ಷೇಪ. ಪ್ರಮಾಣ ಬೇರೆ, ಒಪ್ಪುತ್ತೇನೆ. ಆದರೆ ಪ್ರಮಾಣ ಹೆಚ್ಚಿದಷ್ಟೂ ಲೆಕ್ಕ ಬಿಗಿಯಾಗಬೇಕೇ ಹೊರತು ಸಡಿಲವಾಗಬಾರದು. ಬರ ಬಿದ್ದಾಗ ಬಾಗ್ಲಾಣದ ರೈತ ಬೆಳೆಯನ್ನೇ ಬಿಟ್ಟುಕೊಟ್ಟ. ಅದೇ ಸೀಮೆಯಲ್ಲಾಗಲಿ, ಬೆಂಗಳೂರಿನ ಹೊರವಲಯದಲ್ಲಾಗಲಿ ತಲೆಯೆತ್ತುವ ಕೇಂದ್ರ ಅನುಮತಿ ಪಡೆಯುವ ಮುನ್ನವೇ ಮೂರು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರಿಸಬೇಕು: ನೀರಿನ ಮೂಲ ಯಾವುದು, ಬಳಸಿದ ನೀರಿಗೂ ಹೊರಬಿದ್ದ ಶಾಖಕ್ಕೂ ಮುಂದೇನು ಕೆಲಸ, ಕೆರೆ ಬತ್ತಿದ ವರ್ಷ ಮೊದಲು ಯಾರ ತೂಬು ಮುಚ್ಚಬೇಕು. ಇವಕ್ಕೆ ಉತ್ತರ ಕೊಡುವ ಕೇಂದ್ರವನ್ನು ಈ ನೆಲ ತಾಳಿಕೊಳ್ಳಬಲ್ಲದು. ಉತ್ತರ ಕೊಡದ ಕೇಂದ್ರಕ್ಕೆ, ಅದರ ಯಂತ್ರ ಎಷ್ಟೇ ಮುಂದುವರಿದಿರಲಿ, ಅನುಮತಿ ಸಲ್ಲದು.