ಚಿಂಗೇ: ಎಲ್ಲರದ್ದಾದ ಒಂದು ಮೆರವಣಿಗೆ

ಮೆರವಣಿಗೆ ನಮಗೆ ಹೊಸದೇನಲ್ಲ. ಅದು ಊರನ್ನು ಒಂದುಗೂಡಿಸಬಲ್ಲದು, ಒಡೆಯಲೂಬಲ್ಲದು. ಹೆಚ್ಚುಕಡಿಮೆ ಒಂದು ದಶಕದ ಅಂತರದಲ್ಲಿ ಈ ಎರಡನ್ನೂ ಕಂಡ ನಾಡು ಸಿಂಗಾಪುರ. ಅದರ ಇತಿಹಾಸದಿಂದ ನಾವು ಕಲಿಯಬೇಕಾದದ್ದು ಬಹಳಷ್ಟಿದೆ.

1964ರಲ್ಲಿ ಸಿಂಗಾಪುರ ಮಲೇಷ್ಯಾದ ಭಾಗವಾಗಿತ್ತು. ಆ ವರ್ಷದ ಜುಲೈ 21ರಂದು ಪ್ರವಾದಿ ಮುಹಮ್ಮದ್ (ಸ)ರ ಜನ್ಮದಿನದ ಮೆರವಣಿಗೆ ಸಾಗುತ್ತಿದ್ದಾಗ ಮಲಯರು ಮತ್ತು ಚೀನೀಯರ ನಡುವೆ ಘರ್ಷಣೆ ಉಂಟಾಯಿತು. ರಾಜಕೀಯ ಪಕ್ಷಗಳ ಪೈಪೋಟಿಯಿಂದ ಜನರ ಮನಸ್ಸು ಮೊದಲೇ ಕದಡಿತ್ತು. ಜುಲೈ ಮತ್ತು ಸೆಪ್ಟೆಂಬರ್ ತಿಂಗಳ ಗಲಭೆಗಳಲ್ಲಿ ಒಟ್ಟು 36 ಜನರು ಪ್ರಾಣ ಕಳೆದುಕೊಂಡರು. ಮರುವರ್ಷ, 1965ರ ಆಗಸ್ಟ್ 9ರಂದು, ಸಿಂಗಾಪುರ ಸ್ವತಂತ್ರ ರಾಷ್ಟ್ರವಾಯಿತು. ಜನಸಂಖ್ಯೆಯ ಸುಮಾರು ಮುಕ್ಕಾಲು ಪಾಲು ಚೀನೀಯರು. ಉಳಿದವರಲ್ಲಿ ಮಲಯರು ಮತ್ತು ಭಾರತೀಯರು ಹೆಚ್ಚು. ಇವರೆಲ್ಲ ಒಟ್ಟಿಗೆ ಬಾಳುವುದು ಹೇಗೆ ಎಂಬುದೇ ಹೊಸ ರಾಷ್ಟ್ರದ ಮೊದಲ ಪ್ರಶ್ನೆಯಾಗಿತ್ತು.

ಈಗ ಚಿಂಗೇ ಮೆರವಣಿಗೆಯ ಕಥೆಗೆ ಬರೋಣ. ಹತ್ತೊಂಬತ್ತನೇ ಶತಮಾನದಲ್ಲಿ ಅದು ಹೊಕ್ಕಿಯನ್ ಚೀನೀಯರ ದೇವಸ್ಥಾನದ ಮೆರವಣಿಗೆಯಾಗಿತ್ತು. ಮೌಢ್ಯ ಮತ್ತು ದುಂದುವೆಚ್ಚದ ಆಚರಣೆಯೆಂದು 1906ರಲ್ಲಿ ಆ ಸಮುದಾಯದ ಮುಖಂಡರೇ ಅದನ್ನು ಕೈಬಿಟ್ಟರು. ಅದು ಮತ್ತೆ ಜೀವ ಪಡೆದದ್ದು ಪಟಾಕಿಯ ಕಾರಣದಿಂದ. 1970ರ ಚೀನೀ ಹೊಸವರ್ಷದಲ್ಲಿ ಪಟಾಕಿಯಿಂದ 6 ಜನರು ಸತ್ತರು. 1972ರಲ್ಲಿ ಸರಕಾರ ಪಟಾಕಿಯನ್ನು ಪೂರ್ಣವಾಗಿ ನಿಷೇಧಿಸಿತು. ಹಬ್ಬದ ಕಳೆ ಹೋಯಿತೆಂದು ಜನ ಬೇಸರಗೊಂಡಾಗ, ಪ್ರಧಾನಿ ಲೀ ಕ್ವಾನ್ ಯೂ ಅವರ ಸಲಹೆಯಂತೆ ಚಿಂಗೇ ಮರಳಿ ಬಂತು. 1973ರ ಫೆಬ್ರವರಿ 4ರಂದು ಸಿಂಹನೃತ್ಯ, ಡ್ರ್ಯಾಗನ್ ನೃತ್ಯಗಳೊಂದಿಗೆ ಮೊದಲ ಮೆರವಣಿಗೆ ಜಲಾನ್ ಬೆಸಾರ್‌ನಿಂದ ಔಟ್ರಾಮ್ ಪಾರ್ಕ್‌ವರೆಗೆ ಸಾಗಿತು.

ಆಗ ಅದು ಬಹುಪಾಲು ಚೀನೀಯರ ಹಬ್ಬವೇ. ಆದರೆ ಅದನ್ನು ಏರ್ಪಡಿಸಿದವರಲ್ಲಿ ಸರಕಾರದ 'ಪೀಪಲ್ಸ್ ಅಸೋಸಿಯೇಷನ್' ಕೂಡ ಇತ್ತು. ಬಡಾವಣೆಗಳ ಸಮುದಾಯ ಕೇಂದ್ರಗಳನ್ನು ನಡೆಸುವ ಈ ಸಂಸ್ಥೆಯ ಬಾಗಿಲು ಎಲ್ಲ ಜನಾಂಗದವರಿಗೂ ತೆರೆದಿತ್ತು. ಆ ದಶಕದ ಉತ್ತರಾರ್ಧದಲ್ಲಿ ಮಲಯ ಮತ್ತು ಭಾರತೀಯ ತಂಡಗಳೂ ಮೆರವಣಿಗೆ ಸೇರಿದವು. 1985ರಲ್ಲಿ ಅದು ನಗರದ ಹೆಸರಾಂತ ಆರ್ಚರ್ಡ್ ರಸ್ತೆಗೆ ಬಂತು. ಮುಂದೆ ವಿದೇಶಿ ತಂಡಗಳೂ ಬಂದವು. 2010ರಲ್ಲಿ ಕಾರ್ ರೇಸ್ ನಡೆಯುವ ಮರೀನಾ ಬೇ ಪ್ರದೇಶಕ್ಕೆ ಸ್ಥಳಾಂತರಗೊಂಡಿತು.

ಇಲ್ಲಿ ನೀವು ಗಮನಿಸಬೇಕಾದ ಸಂಗತಿ ಒಂದಿದೆ. ಚೀನೀಯರು ತಮ್ಮ ಸಿಂಹನೃತ್ಯವನ್ನು ಬಿಡಲಿಲ್ಲ, ಹಬ್ಬದ ಕಾಲವೂ ಬದಲಾಗಲಿಲ್ಲ. ಮಲಯರು ಮಲಯರಾಗಿಯೇ, ಭಾರತೀಯರು ಭಾರತೀಯರಾಗಿಯೇ ಬಂದರು. ರಸ್ತೆಬದಿಯಲ್ಲಿ ನಿಂತು ನೋಡುತ್ತಿದ್ದವರಿಗೆ ಸಾಲಿನೊಳಗೆ ಜಾಗ ಸಿಕ್ಕಿತು. ಬಹುಸಂಖ್ಯಾತರು ತಮ್ಮ ಹಬ್ಬದಲ್ಲಿ ಜಾಗ ಕೊಟ್ಟರು. ಅಲ್ಪಸಂಖ್ಯಾತರು ಹಿಂಜರಿಯದೆ ಹೆಜ್ಜೆ ಇಟ್ಟರು. ಎರಡೂ ಬೇಕು.

ಒಂದು ದಿನದ ಮೆರವಣಿಗೆಯಿಂದ ಎಲ್ಲ ಸಂಶಯಗಳೂ ಅಳಿದುಹೋಗುವುದಿಲ್ಲ, ನಿಜ. ಅದಕ್ಕೆಂದೇ ಅಲ್ಲಿನ ಸರಕಾರ 1989ರಿಂದ ಸರಕಾರಿ ವಸತಿ ಸಂಕೀರ್ಣಗಳಲ್ಲಿ ಎಲ್ಲ ಜನಾಂಗದವರೂ ಬೆರೆತು ವಾಸಿಸುವ ನಿಯಮ ತಂದಿತು. ಆದರೂ ಮೆರವಣಿಗೆಗೆ ಮುನ್ನ ವಾರಗಟ್ಟಲೆ ಅಭ್ಯಾಸ ನಡೆಯುತ್ತದೆ. ಒಟ್ಟಿಗೆ ಬೆವರು ಸುರಿಸಿದವರು ಪರಸ್ಪರರ ಹೆಸರನ್ನಾದರೂ ಅರಿಯುತ್ತಾರೆ. ವಿದ್ಯಾರ್ಥಿ ಮಿತ್ರರೇ, ನಿಮ್ಮ ಕಾಲೇಜಿನ ಮುಂದಿನ ಕಾರ್ಯಕ್ರಮಕ್ಕೆ ತಂಡ ಕಟ್ಟುವಾಗ ಯಾರು ಹೊರಗೆ ನಿಂತು ನೋಡುತ್ತಿದ್ದಾರೆಂದು ಒಮ್ಮೆ ತಿರುಗಿ ನೋಡಿ. ಅವರನ್ನು ಒಳಗೆ ಕರೆಯಿರಿ. ನಿಮ್ಮನ್ನು ಕರೆದಾಗ ನೀವೂ ಹೋಗಿ.